ಅರಕಲಗೂಡಿನ ಬಂಡಲ್

ಇವತ್ತು ಬೆಳಿಗ್ಗೆ ಹೊಳೆನರಸೀಪುರದ ಬಸ್ ನಿಲ್ದಾಣದ ಗೋಡೆಗೆ ಒಬ್ಬ ನಾಟಕದ ಪೋಸ್ಟರ್ ಅಂಟಿಸುತ್ತಿದ್ದ. ಕಾಲ ಬಳಿ ಒಂದು ಬಕೆಟ್ ಮೈದಾ ಅಂಟು. ಬೆಂದ ಹಿಟ್ಟಿನ, ಸ್ವಲ್ಪ ಹುಳಿ ಬಂದ ಆ ವಾಸನೆಗೆ ನಾನು ನಿಂತುಬಿಟ್ಟೆ. ಹಾಸನದ ನಮ್ಮ ಸಂಜೆ ಪತ್ರಿಕೆಯ ಹಿಂದಿನ ಕೋಣೆಯಲ್ಲಿ ದಿನವೂ ಇದೇ ವಾಸನೆ ಇರುತ್ತಿತ್ತು. ಅಲ್ಲಿ ಸ್ಟೌ ಮೇಲೆ ಅಂಟು ಕುದಿಸುತ್ತಿದ್ದವರನ್ನು ನಾವೆಲ್ಲ ಪ್ಯಾಕಿಂಗ್ ಅಣ್ಣ ಎನ್ನುತ್ತಿದ್ದೆವು.

ಮಲ್ಲಿಪಟ್ಟಣದ ಕಡೆಯವರು. ಮಧ್ಯಾಹ್ನ ಮುದ್ರಣ ಮುಗಿದೊಡನೆ ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಕಲಗೂಡಿನ ಬಂಡಲ್‌ಗಳನ್ನು ಕಟ್ಟಿ, ಚೀಟಿ ಅಂಟಿಸಿ, ಸೈಕಲ್ಲಿನಲ್ಲಿ ಒಯ್ದು ಆಯಾ ಬಸ್ಸಿಗೆ ಹಾಕುವುದು ಅವರ ಕೆಲಸ. ಹಗ್ಗವನ್ನು ಹಲ್ಲಿನಿಂದ ಎಳೆದು ಗಂಟು ಬಿಗಿಯುತ್ತಿದ್ದರು.

ನಾನು ವರದಿಗಾರನಾಗಿ ಸೇರಿದಾಗ ಪತ್ರಿಕೆಗೆ ಎಂಟು ಪುಟ. ಜನ ಮೊಬೈಲಿನಲ್ಲಿ ಸುದ್ದಿ ನೋಡತೊಡಗಿದ ಮೇಲೆ ಆರಾಯಿತು, ನಾಲ್ಕಾಯಿತು. ಮೊದಲು ಪದಬಂಧ ಹೋಯಿತು, ಆಮೇಲೆ ಮಕ್ಕಳ ಅಂಕಣ, ಆಮೇಲೆ ಅದನ್ನು ಬರೆಯುತ್ತಿದ್ದವರು. ಗೋಡೆಯ ಗಡಿಯಾರ ನಿಂತಿತು. ಸೆಲ್ ಹಾಕಿಸಿ ಎಂದು ಕೇಳುವವರೂ ಉಳಿಯಲಿಲ್ಲ. ಆದರೂ ಆ ಕಚೇರಿಯಲ್ಲಿ ನಕ್ಕಷ್ಟು ನಾನು ಬೇರೆಲ್ಲೂ ನಕ್ಕಿಲ್ಲ. ಮಿಕ್ಕಿದ್ದ ಐವರಿಗೂ ಊಟಕ್ಕೆ ಒಂದೇ ಬೆಂಚು. ಅಣ್ಣನ ಬುತ್ತಿಯ ಹುರುಳಿಕಾಳಿನ ಚಟ್ನಿ ಎಲ್ಲರ ತಟ್ಟೆಗೂ ಬರುತ್ತಿತ್ತು.

ಬಂಡಲ್‌ಗಳೂ ಸಣಕಲಾದವು. ಅರಕಲಗೂಡಿನದ್ದು ತೀರಾ ತೆಳ್ಳಗಾದಾಗ ಕಂಡಕ್ಟರ್ ಒಬ್ಬ, "ಏನಣ್ಣೋ, ಪೇಪರ್ ಕೊಟ್ಯೋ, ಲಗ್ನಪತ್ರಿಕೆ ಕೊಟ್ಯೋ?" ಎಂದನಂತೆ. ಅಣ್ಣನಿಗೆ ಅದು ನಾಟಿತು. ಮರುದಿನದಿಂದ ಗೋದಾಮಿನಲ್ಲಿದ್ದ ಹಳೆಯ ಪ್ರತಿಗಳನ್ನು ಮೇಲೊಂದಿಷ್ಟು, ಕೆಳಗೊಂದಿಷ್ಟು ಇಟ್ಟು, ಅಂದಿನ ಪತ್ರಿಕೆಯನ್ನು ನಡುವೆ ಸೇರಿಸಿ ಕಟ್ಟತೊಡಗಿದರು. ಬಂಡಲ್ ಮತ್ತೆ ದಪ್ಪಗಾಯಿತು. ಅರಕಲಗೂಡಿನ ಏಜೆಂಟರಿಗೆ ಗುಟ್ಟು ಗೊತ್ತಿತ್ತು. ಹಳೆಯದನ್ನು ತಮ್ಮ ದಿನಸಿ ಅಂಗಡಿಯ ಪೊಟ್ಟಣಕ್ಕೆ ಇಟ್ಟುಕೊಂಡು, ಹೊಸದನ್ನು ಹಂಚುತ್ತಿದ್ದರು.

ಅದೇ ಹೊತ್ತಿಗೆ ಮಾಲೀಕರು ಒಂದು ಮಾತು ಹೇಳಿದ್ದರು. ಅರಕಲಗೂಡಿನಿಂದ ಒಂದೇ ಒಂದು ದೂರು ಬಂದರೂ ಆ ಬಂಡಲ್ ನಿಲ್ಲಿಸುವುದು, ಉಳಿದೆರಡನ್ನು ಮುದ್ರಣದವರೇ ಕಟ್ಟುವುದು. ಅಂದರೆ ಅಣ್ಣ ಮನೆಗೆ ಹೋಗುವುದು.

ಒಂದು ಬೆಳಿಗ್ಗೆ ಅರಕಲಗೂಡಿನ ನಿವೃತ್ತ ಮೇಷ್ಟ್ರೊಬ್ಬರ ಫೋನ್ ಬಂತು. ಮೊನ್ನೆ ಮತ್ತೆ ಪದಬಂಧ ಹಾಕಿದ್ದಕ್ಕೆ ಅವರಿಗೆ ಬಹಳ ಸಂತೋಷವಾಗಿತ್ತು. ಆದರೆ ನಿನ್ನೆ ಅದರ ಉತ್ತರ ಯಾಕೆ ಬರಲಿಲ್ಲ ಎಂದು ಕೇಳಿದರು. ಪದಬಂಧ ನಿಂತು ಎರಡು ವರ್ಷವಾಗಿತ್ತು. ನಾನು ಹಿಂದಿನ ಕೋಣೆಯ ಕಡೆ ನೋಡಿದೆ. ಅಣ್ಣ ಸ್ಟೌ ಆರಿಸಿ, ಗೋಡೆಗೆ ಒರಗಿ ಕೂತಿದ್ದರು. ವಿಚಾರಿಸಿಕೊಂಡು ಬನ್ನಿ ಎಂದು ಮಾಲೀಕರು ನಮ್ಮಿಬ್ಬರನ್ನೂ ಕಳಿಸಿದರು. ಬಸ್ಸಿನಲ್ಲಿ ಅಣ್ಣ ಬೆರಳಿಗೆ ಮೆತ್ತಿದ್ದ ಒಣ ಅಂಟನ್ನು ಕೆರೆಯುತ್ತ ಕೂತರು.

ಆಗಿದ್ದಿಷ್ಟು. ಏಜೆಂಟರು ನೆಂಟರ ಮದುವೆಗೆಂದು ರುದ್ರಪಟ್ಟಣಕ್ಕೆ ಹೋಗಿ, ಅಂಗಡಿಯನ್ನು ಭಾಮೈದನಿಗೆ ಬಿಟ್ಟಿದ್ದರು. ಆತ ಮೇಲಿನ ದಪ್ಪ ಪತ್ರಿಕೆಗಳನ್ನು ಮನೆಮನೆಗೆ ಹಂಚಿ, ನಡುವಿನ ತೆಳ್ಳನೆಯ ಹೊಸ ಪತ್ರಿಕೆಯಲ್ಲಿ ಬೆಲ್ಲ ಕಟ್ಟಿಕೊಟ್ಟಿದ್ದ. ದಿನಾಂಕವನ್ನು ಯಾರೂ ನೋಡಿರಲಿಲ್ಲ. ಎಂಟು ಪುಟ ಬಂದಿದೆಯೆಂದೇ ಎಲ್ಲರಿಗೂ ಖುಷಿ.

ಕೋಪ ಬಂದಿದ್ದರೆ ಹಿಟ್ಟಿನ ಗಿರಣಿಯವರಿಗೆ ಬರಬೇಕಿತ್ತು. ಮರುದಿನ ಕರೆಂಟು ಇಲ್ಲವೆಂದು ಎರಡು ವರ್ಷ ಹಿಂದೆ ನಾನೇ ಬರೆದ ಸುದ್ದಿಯನ್ನು ನಂಬಿ ಅವರು ಗಿರಣಿಗೆ ಬೀಗ ಹಾಕಿದ್ದರು. ನಮ್ಮನ್ನು ಕಂಡು, "ಬನ್ನಿ ಸಾ, ನಿಮ್ ಪೇಪರ್ ನೋಡಿ ಅತ್ತೆ ಮನೆಗೋಗಿ ಕೋಳಿ ಸಾರು ಉಂಡ್ಕಂಡ್ ಬಂದೆ. ಬಂದ್ ನೋಡುದ್ರೆ ಕರೆಂಟು ಓಗೇ ಇಲ್ವಂತೆ," ಎಂದರು.

ಅಣ್ಣ ಕೈ ಮುಗಿದು, "ತಪ್ಪಾಯ್ತು ಕಣಣ್ಣ. ದೂರು ಗೀರು ಕೊಟ್ಬುಟ್ಟೀಯ," ಎಂದರು.

"ಯಾವ ದೂರ್ಲಾ? ಮೂರು ವರ್ಸ ಆಗಿತ್ತು, ಒಂದಿನ ರಜ ತಕ್ಕಂಡು. ನಮ್ಮೆಂಗ್ಸು ನಿಮ್ ಪೇಪರ್‌ನ ದೇವ್ರ ಮುಂದೆ ಮಡಗವ್ಳೆ."

ಅಣ್ಣ ಮೊದಲು ನನ್ನ ಮುಖ ನೋಡಿದರು. ಆಮೇಲೆ ನಗತೊಡಗಿದವರು ಹಾಸನ ಬರುವವರೆಗೂ ಸೀಟಿನಲ್ಲಿ ಕುಲುಕುತ್ತಲೇ ಇದ್ದರು.

ಕಂಡದ್ದನ್ನು ಇದ್ದಂತೆ ಮಾಲೀಕರಿಗೆ ಹೇಳಿದೆ. ಮೊದಲ ಪುಟಕ್ಕೆಂದು ಎರಡು ಸಾಲಿನ ತಿದ್ದುಪಡಿಯನ್ನೂ ಬರೆದುಕೊಟ್ಟೆ. ಅವರು ಓದಿದರು, ಮಡಚಿ ಜೇಬಿಗೆ ಹಾಕಿಕೊಂಡರು. ಪದಬಂಧ ಮತ್ತೆ ಶುರು ಮಾಡಿ, ಮೊದಲು ಮೇಷ್ಟ್ರಿಗೆ ಆ ಉತ್ತರ ಹಾಕಿ ಎಂದರು. ತಿದ್ದುಪಡಿ ಅಚ್ಚಾಗಲಿಲ್ಲ. ಅರಕಲಗೂಡಿನ ಬಂಡಲ್ ಉಳಿಯಿತು, ಅಣ್ಣನೂ ಉಳಿದರು.

ಅದಾದ ಮೇಲೆ ಪತ್ರಿಕೆ ಒಂದು ವರ್ಷವೂ ನಡೆಯಲಿಲ್ಲ. ಕೊನೆಯ ದಿನ ಅಣ್ಣ ಎಂದಿನಂತೆ ಅಂಟು ಕುದಿಸಿದರು. ಆದರೆ ಗೋದಾಮಿನ ಬಾಗಿಲು ತೆಗೆಯಲಿಲ್ಲ. ಮೂರೂ ಬಂಡಲ್ ಅಂಗೈಯಷ್ಟೂ ದಪ್ಪವಿರಲಿಲ್ಲ. ನಾನು ನೋಡುತ್ತಿರುವುದನ್ನು ಕಂಡು, ಹಲ್ಲಿನ ನಡುವಿನ ಹಗ್ಗ ಬಿಟ್ಟು, "ಇವತ್ತು ಎಲ್ಲಾ ಇವತ್ತಿಂದೇ ಸಾ," ಎಂದರು.

ಅವರು ತೀರಿಕೊಂಡ ಸುದ್ದಿ ನನಗೆ ತಲುಪುವಷ್ಟರಲ್ಲಿ ತಿಥಿಯೂ ಮುಗಿದಿತ್ತು. ಮಲ್ಲಿಪಟ್ಟಣಕ್ಕೆ ಹೋಗಿ ಬರಬೇಕೆಂದುಕೊಂಡೆ, ಹೋಗಲಿಲ್ಲ...

ಪೋಸ್ಟರಿನವನು ಅಂಗೈಯಿಂದ ಕಾಗದ ಸವರಿ, ಬಕೆಟ್ ಎತ್ತಿಕೊಂಡು ಮುಂದಿನ ಗೋಡೆಗೆ ಹೋದ. ನಾಟಕ ಯಾವುದೆಂದು ಓದುವ ಮೊದಲು ನಾನು ದಿನಾಂಕ ನೋಡಿದೆ. ಇವತ್ತಿನದೇ.