ಕ್ರೋಮ್ ನೀರು ನೋಡಿಕೊಳ್ಳುತ್ತಿದ್ದವರು

ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ಅವರು ನನಗೆ ತಮ್ಮ ಮೂಗು ತೋರಿಸಿದರು. ಒಂದು ಹೊಳ್ಳೆಗೆ ಪುಟ್ಟ ಟಾರ್ಚ್ ಹಿಡಿದರೆ ಇನ್ನೊಂದರಲ್ಲಿ ಕೆಂಪಗೆ ಬೆಳಕು ಕಾಣಿಸಿತು. ನಡುವಿನ ಗೋಡೆಯಲ್ಲಿ ತೂತು ಬಿದ್ದಿತ್ತು.

"ಕ್ರೋಮ್ ಕೊರೆದದ್ದು. ನೋವೇನೂ ಇಲ್ಲ, ಊಟದ ವಾಸನೆ ಮಾತ್ರ ತಿಳಿಯುವುದಿಲ್ಲ," ಎಂದು ನಕ್ಕರು.

ಅರವತ್ತರ ಹತ್ತಿರದ ಕಪ್ಪು ಜನಾಂಗದ ಮನುಷ್ಯ, ವಾರೆನ್ ಎಂಬ ಊರಿನಲ್ಲಿ ಮನೆ. ವಿಕ್ಸಮ್‌ನ ಆ ಕಾರ್ಖಾನೆಯಲ್ಲಿ ಕಾರುಗಳ ಬಂಪರಿಗೆ, ಬಾಗಿಲ ಹಿಡಿಗೆ ಕ್ರೋಮ್ ಹೊಳಪು ಕೊಡುತ್ತಿದ್ದೆವು. ಭಾಗಗಳನ್ನು ತೊಳೆದ ವಿಷದ ನೀರನ್ನು ಶುದ್ಧಮಾಡಿ ಚರಂಡಿಗೆ ಬಿಡುವುದು ಅವರ ಕೆಲಸ. ಇಪ್ಪತ್ತೇಳು ವರ್ಷದಿಂದ ಅದನ್ನೇ ಮಾಡುತ್ತಿದ್ದರು. ನಾನು ಮೈಸೂರಿನಿಂದ ಬಂದ ಕೆಮಿಕಲ್ ಇಂಜಿನಿಯರ್, ವರ್ಕ್ ವೀಸಾದ ಮೇಲಿದ್ದವಳು. ಕಾರ್ಖಾನೆಯ ಕಸ ಮತ್ತು ವಿಷ ಎರಡನ್ನೂ ಕಡಿಮೆ ಮಾಡಬೇಕೆಂದು ನನ್ನನ್ನು ತೆಗೆದುಕೊಂಡಿದ್ದರು. ಪುಸ್ತಕದಲ್ಲಿ ಓದಿದ್ದನ್ನು ಕಣ್ಣಿನಲ್ಲಿ ನೋಡುವುದನ್ನು ನನಗೆ ಕಲಿಸಿದವರು ಅವರು. ಹಳದಿ ನೀರಿಗೆ ಆಸಿಡ್ ಹಾಕಿ, ಆಮೇಲೆ ಬಿಳಿ ಪುಡಿ ಸುರಿದು, ನನ್ನ ಭುಜ ಹಿಡಿದು ಟ್ಯಾಂಕಿನ ಕಡೆ ತಿರುಗಿಸುತ್ತಿದ್ದರು. "ಮೀಟರ್ ನೋಡಬೇಡ, ನೀರು ನೋಡು." ನೀರು ನಿಧಾನವಾಗಿ ಹಸಿರಿಗೆ ತಿರುಗುತ್ತಿತ್ತು. ಹಸಿರಾಯಿತೆಂದರೆ ವಿಷದ ಹಲ್ಲು ಕಿತ್ತ ಹಾಗೆ. ಆಮೇಲೆ ಸುಣ್ಣ ಹಾಕಿದರೆ ಕ್ರೋಮ್ ಕೆಸರಾಗಿ ತಳಕ್ಕೆ ಕೂರುತ್ತಿತ್ತು. ಕೆಸರು ಡ್ರಮ್ಮಿಗೆ, ನೀರು ಚರಂಡಿಗೆ.

ನನ್ನ ಮ್ಯಾನೇಜರ್ ಬೆಂಗಳೂರಿನವರು. ಕಾರ್ಖಾನೆಯಲ್ಲಿ ಸರ್, ಫಾರ್ಮಿಂಗ್ಟನ್ ಹಿಲ್ಸ್‌ನ ಅವರ ಮನೆಯಲ್ಲಿ ಅಂಕಲ್. ನನಗೆ ಕೆಲಸ ಕೊಡಿಸಿದ್ದೂ ಅವರೇ, ಡ್ರೈವಿಂಗ್ ಕಲಿಸಿದ್ದೂ ಅವರೇ. ಯುಗಾದಿಗೆ ಕರೆದು ಹೋಳಿಗೆ ಬಡಿಸಿದ್ದರು.

ನಾನು ಕೆಲಸವನ್ನು ಶ್ರದ್ಧೆಯಿಂದಲೇ ಮಾಡಿದೆ. ಭಾಗಗಳನ್ನು ಟ್ಯಾಂಕಿನಿಂದ ಎತ್ತಿದ ಮೇಲೆ ಸ್ವಲ್ಪ ಹೊತ್ತು ತೊಟ್ಟಿಕ್ಕಲು ಬಿಟ್ಟರೆ ಎಷ್ಟೋ ಕ್ರೋಮ್ ಅಲ್ಲೇ ಉಳಿಯುತ್ತದೆ ಎಂದು ತೋರಿಸಿದೆ. ತೊಳೆಯುವ ನೀರನ್ನು ಹಿಂದಿನ ಟ್ಯಾಂಕಿಗೇ ತಿರುಗಿಸಿ ಮತ್ತೆ ಬಳಸುವಂತೆ ಪೈಪು ಹಾಕಿಸಿದೆ. ಒಂದು ವರ್ಷದೊಳಗೆ ಕೆಸರಿನ ಡ್ರಮ್ಮುಗಳು ಅರ್ಧಕ್ಕಿಳಿದವು. ನನಗಿಂತ ಹೆಚ್ಚು ಸಂತೋಷಪಟ್ಟವರು ನೀರು ನೋಡಿಕೊಳ್ಳುತ್ತಿದ್ದ ಅವರು. ಖಾಲಿ ಡ್ರಮ್ಮುಗಳ ಸಾಲಿನ ಮುಂದೆ ನಿಲ್ಲಿಸಿ ನನ್ನ ಫೋಟೋ ತೆಗೆದರು.

ರಿಸೆಷನ್ ಬಂತು. ಕಾರಿನ ಕಂಪನಿಗಳಿಂದ ಆರ್ಡರುಗಳು ನಿಂತವು. ವಾರಕ್ಕೆ ಮೂರು ದಿನ ಮಾತ್ರ ಲೈನ್ ಓಡುತ್ತಿತ್ತು. ಒಂದು ಬೆಳಿಗ್ಗೆ ಅಂಕಲ್ ನನ್ನನ್ನು ಕರೆದು, ನೀರು ಶುದ್ಧಮಾಡುವ ಕೋಣೆಯಲ್ಲಿ ಯಾರು ಎಷ್ಟು ಹೊತ್ತು ಏನು ಮಾಡುತ್ತಾರೆಂದು ಬರೆದುಕೊಡಲು ಹೇಳಿದರು. ಅದು ಯಾಕೆಂದು ನಾನು ಕೇಳಲಿಲ್ಲ. ಊಹಿಸಲಿಲ್ಲ ಎಂದರೆ ಸುಳ್ಳಾಗುತ್ತದೆ.

ನಾಲ್ಕು ದಿನ ಗಡಿಯಾರ ಹಿಡಿದು ಆ ನೀರಿನ ಕೋಣೆಯಲ್ಲಿ ಅವರ ಹಿಂದೆ ತಿರುಗಿದೆ. ದಿನಕ್ಕೆ ಎರಡು ಗಂಟೆ ಅವರು ಭಾಗಗಳ ಜಿಡ್ಡು ತೊಳೆದ ಸೋಪು ನೀರಿನ ಟ್ಯಾಂಕಿನ ಒಂದು ಸಣ್ಣ ವಾಲ್ವಿನ ಪಕ್ಕ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂರುತ್ತಿದ್ದರು. ಆಗಾಗ ವಾಲ್ವನ್ನು ಒಂದು ಕೂದಲಿನಷ್ಟು ತಿರುಗಿಸುತ್ತಿದ್ದರು. ಯಾಕೆಂದು ಕೇಳಿದಾಗ, "ಇದಕ್ಕೆ ಅವಸರ ಆಗಲ್ಲ," ಎಂದರು. ನಾನು ಹಾಳೆಯಲ್ಲಿ 'ಕಾಯುವಿಕೆ: ವ್ಯರ್ಥ' ಎಂದು ಬರೆದೆ. ತಿಳಿಸಿ ಹೇಳಿ ಎಂದು ಇನ್ನೊಮ್ಮೆ ಕೇಳಿದ್ದರೆ ಅವರು ಖಂಡಿತ ಹೇಳುತ್ತಿದ್ದರು.

ಎರಡು ವಾರದ ನಂತರ ಅಂಕಲ್ ಬಾಗಿಲು ಹಾಕಿಕೊಂಡು ಹೇಳಿದರು. "ನಿನ್ನ ರಿಪೋರ್ಟ್ ಓನರ್‌ಗೆ ತುಂಬಾ ಇಷ್ಟ ಆಯ್ತಮ್ಮ. ವೇಸ್ಟೇ ಅರ್ಧ ಆಗಿದೆ ಅಂದ್ಮೇಲೆ ಆ ರೂಮಿಗೆ ಫುಲ್ ಟೈಮ್ ಆಪರೇಟರ್ ಯಾಕೆ ಅಂತಾರೆ. ಇವತ್ತು ಅವನನ್ನ ಲೇ ಆಫ್ ಮಾಡ್ಬೇಕು. ನೀನೇ ಹೇಳ್ಬಿಡು."

"ನಾನಾ? ಸರ್, ಅವರು ನಂಗೆ ಕೆಲಸ ಕಲ್ಸಿದೋರು."

"ಅದಕ್ಕೇ. ನೀನು ಹೇಳಿದ್ರೆ ಗಲಾಟೆ ಮಾಡಲ್ಲ. ವೀಸಾ ಎಕ್ಸ್‌ಟೆನ್ಷನ್ ಪೇಪರ್ ನನ್ನ ಟೇಬಲ್ ಮೇಲಿದೆ, ಸಂಜೆ ಸೈನ್ ಮಾಡ್ತೀನಿ."

ಹೇಳಿದೆ. ಅವರು ಗಲಾಟೆ ಮಾಡಲಿಲ್ಲ. ಕೈಯಲ್ಲಿದ್ದ ಗಾಜಿನ ಲೋಟದಲ್ಲಿ ಪರೀಕ್ಷೆಗೆ ತೆಗೆದ ನೀರಿತ್ತು. ಅದನ್ನು ಸಿಂಕಿಗೆ ಚೆಲ್ಲದೆ ಟ್ಯಾಂಕಿಗೇ ವಾಪಸ್ ಸುರಿದು, ಲೋಟ ತೊಳೆದು ಬೋರಲು ಹಾಕಿದರು. ಸೆಕ್ಯೂರಿಟಿಯವನು ಬಂದ. ಅಂಕಲ್ ಲಾಕರಿನ ಬಳಿ ನಿಂತಿದ್ದರು.

ಆ ವರ್ಷ ನಾನೇ ಒಂದು ನಿಯಮ ಬರೆದಿದ್ದೆ. ಕ್ರೋಮ್ ತಾಗಿದ ಬೂಟು, ಬಟ್ಟೆ ಕಾರ್ಖಾನೆ ಬಿಟ್ಟು ಹೊರಗೆ ಹೋಗಬಾರದು. ಮನೆಗೆ ಬೇರೆ ಶೂ ಹಾಕಿಕೊಂಡು ಹೋಗಬೇಕು. ಒಳ್ಳೆಯ ನಿಯಮ, ಈಗಲೂ ಹಾಗೇ ಅನ್ನುತ್ತೇನೆ. ಆದರೆ ಅವರು ಒಂದೇ ಬೂಟಿನಲ್ಲಿ ಬಂದು ಹೋಗುತ್ತಿದ್ದರು. ನಾನು ರೇಗಿಸುತ್ತಿದ್ದೆ, ಅವರು ನಾಳೆ ತರುತ್ತೇನೆ ಅನ್ನುತ್ತಿದ್ದರು. ನಾನು ಎಂದೂ ಬಿಗಿ ಮಾಡಿರಲಿಲ್ಲ.

"ಬೂಟು ಇಲ್ಲೇ ಬಿಡಬೇಕು," ಎಂದು ಅಂಕಲ್ ಇಂಗ್ಲಿಷಿನಲ್ಲಿ ಅವರಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ನಿಂದೇ ರೂಲ್ ಅಲ್ವಾ? ನಾಳೆ ಅವನು ಲಾಯರ್ ಹತ್ರ ಹೋಗಿ ಬೂಟ್ ಟೆಸ್ಟ್ ಮಾಡಿಸಿದ್ರೆ ಏನ್ ಮಾಡ್ತೀಯ?"

ಅವರಿಗೆ ಕನ್ನಡ ಬರದು. ಆದರೂ ನಾನು ಏನು ಹೇಳುತ್ತೇನೆಂದು ನನ್ನ ಮುಖವನ್ನೇ ನೋಡಿದರು. ನಾನು ಕಪಾಟಿನಿಂದ ಕಾಗದದಂಥ ಬಿಳಿ ಶೂ ಕವರ್ ಎರಡು ತಂದುಕೊಟ್ಟೆ. ಅವರು ಬೆಂಚಿನ ಮೇಲೆ ಕೂತು, ಬೂಟಿನ ಲೇಸು ಬಿಚ್ಚಿ, ಕಾಲುಚೀಲದ ಮೇಲೆ ಆ ಕವರುಗಳನ್ನು ಏರಿಸಿಕೊಂಡರು. ಬಗ್ಗಿದಾಗ ಉಸಿರು ಸಿಳ್ಳೆ ಹಾಕಿತು. ಬೂಟುಗಳನ್ನು ನಾನೇ ಹಳದಿ ಚೀಲಕ್ಕೆ ಹಾಕಿ, ಅಪಾಯಕಾರಿ ತ್ಯಾಜ್ಯದ ಲೇಬಲ್ ಅಂಟಿಸಿ, ತಾರೀಕು ಬರೆದೆ.

ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಪಾರ್ಕಿಂಗಿನ ತುದಿಯಲ್ಲಿ ಅವರ ಪಿಕಪ್ ಟ್ರಕ್ ಇತ್ತು. ಅರ್ಧ ದಾರಿಯಲ್ಲಿ ಒಂದು ಕವರ್ ಹರಿದು ಹಿಮದಲ್ಲೇ ಉಳಿಯಿತು. ಅವರು ಬಗ್ಗಿ ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡು, ಒದ್ದೆ ಕಾಲುಚೀಲದಲ್ಲಿ ನಡೆದರು. ಕಿಟಕಿಯಲ್ಲಿ ನಿಂತಿದ್ದ ಇಬ್ಬರು ಲೈನ್ ಕೆಲಸಗಾರರು ನಕ್ಕರು. ಆ ಇಬ್ಬರನ್ನೂ ಮುಂದಿನ ವಾರ ಕೆಲಸದಿಂದ ತೆಗೆದರು. ಸಂಜೆ ಅಂಕಲ್ ನನ್ನ ಪೇಪರಿಗೆ ಸೈನ್ ಮಾಡಿದರು.

ಮೂರು ವಾರ ನಾನೇ ನೀರು ನೋಡಿಕೊಂಡೆ. ನಾಲ್ಕನೆಯ ವಾರ ಕೆಸರು ತಳಕ್ಕೆ ಕೂರಲಿಲ್ಲ. ನೀರು ಹಸಿರಾಗುತ್ತಿತ್ತು, ಸುಣ್ಣ ಹಾಕಿದರೆ ಮಜ್ಜಿಗೆಯ ಹಾಗೆ ತೇಲುತ್ತಲೇ ಇರುತ್ತಿತ್ತು. ಪುಸ್ತಕದಲ್ಲಿದ್ದುದನ್ನೆಲ್ಲ ಮಾಡಿದೆ. ಟ್ಯಾಂಕುಗಳು ತುಂಬುತ್ತ ಬಂದವು.

"ಅವನ ಮನೆಗೆ ಹೋಗಿ ಕೇಳ್ಕೊಂಡ್ ಬಾ," ಎಂದರು ಅಂಕಲ್.

"ಯಾವ ಮುಖ ಇಟ್ಕೊಂಡ್ ಹೋಗ್ಲಿ?"

"ಇದೇ ಮುಖ. ಇನ್ಯಾವ್ದಿದೆ?"

ಹೋದೆ. ಅವರ ಹೆಂಡತಿ ಬಾಗಿಲು ತೆಗೆದರು. ಎತ್ತರದ ಹೆಂಗಸು, ಕೈಯಲ್ಲಿ ಪಾತ್ರೆ ಒರೆಸುವ ಬಟ್ಟೆ. ನಾನು ಯಾರೆಂದು ಹೇಳಿದೊಡನೆ ಜಾಲರಿ ಬಾಗಿಲನ್ನು ಮತ್ತೆ ಎಳೆದುಕೊಂಡರು. ಒಳಗೆ ಕರೆಯಲಿಲ್ಲ. ಜಾಲರಿಯ ಆಚೆ, ಹೆಂಡತಿಯ ಹಿಂದೆ, ಅವರು ಬಂದು ನಿಂತರು. ಒಂದು ತಿಂಗಳಲ್ಲಿ ಕುಗ್ಗಿದ್ದರು. ನನ್ನ ತೊಂದರೆ ಪೂರ್ತಿ ಹೇಳುವವರೆಗೂ ಕೇಳಿಸಿಕೊಂಡರು.

"ಸೋಪಿನ ಟ್ಯಾಂಕನ್ನು ಒಂದೇ ಸಲ ಖಾಲಿ ಮಾಡಿದೆಯಾ?"

"ಹೌದು, ಸೋಮವಾರ."

"ಆ ಸೋಪು ಕ್ರೋಮನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಕೂರಲು ಬಿಡುವುದಿಲ್ಲ. ಅದಕ್ಕೇ ನಾನು ದಿನಾ ಎರಡು ಗಂಟೆ ಕೂತು ಹನಿಹನಿಯಾಗಿ ಬಿಡುತ್ತಿದ್ದೆ. ನೀನು ಗಡಿಯಾರ ಹಿಡಿದು ನೋಡಿದೆಯಲ್ಲ."

ಈಗಿರುವ ನೀರಿಗೆ ಏನು ಮಾಡಬೇಕೆಂದು ಕೇಳಿದೆ. ಯಾವ ಕ್ರಮದಲ್ಲಿ, ಎಷ್ಟು, ಯಾವ ಬಿಸಿಯಲ್ಲಿ ಎಂದು ಒಂದೊಂದಾಗಿ ಹೇಳಿದರು. ನಡುವೆ ಎರಡು ಸಲ ಕೆಮ್ಮಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. ನಾನು ಪೋರ್ಚಿನಲ್ಲಿ ನಿಂತು, ಗ್ಲೌಸ್ ತೆಗೆದ ಕೈಯಲ್ಲಿ ಬರೆದುಕೊಂಡೆ. ಕ್ಷಮಿಸಿ ಎಂದು ಹೇಳಲು ಬಾಯಿ ತೆರೆದೆ.

"ಬೇಡ," ಎಂದರು. "ನಿನಗಾಗಿ ಹೇಳಲಿಲ್ಲ. ಆ ನೀರು ಹೊಳೆಗೆ ಹೋಗುತ್ತದೆ, ಅಲ್ಲಿ ನನ್ನ ಮೊಮ್ಮಕ್ಕಳು ಮೀನು ಹಿಡಿಯುತ್ತಾರೆ. ಮತ್ತೆ ಬರಬೇಡ."

ನೀರು ಸರಿಹೋಯಿತು. ಅಂಕಲ್ ಅದನ್ನೆಲ್ಲ ಕಾರ್ಯವಿಧಾನವಾಗಿ ಟೈಪ್ ಮಾಡಿಸಿದರು. ಬರೆದವರು ಎಂಬಲ್ಲಿ ನನ್ನ ಹೆಸರು ಹಾಕಿಸಿದರು. ನಾನು ಬೇಡ ಅನ್ನಲಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಅದೇ ಕಾಗದ ತೋರಿಸಿ ಶಿಕಾಗೋ ಬಳಿ ಕೆಲಸ ಪಡೆದೆ. ದಿವಾಳಿಯಾದ ಕಾರ್ಖಾನೆಗಳಿಗೆ ಹೋಗಿ, ಬಿಟ್ಟುಹೋದ ಡ್ರಮ್ಮುಗಳಲ್ಲಿ ಏನಿದೆ ಎಂದು ಪತ್ತೆ ಮಾಡಿ ಸಾಗಿಸುವ ಕೆಲಸ. ರಿಸೆಷನ್ ನನಗೆ ಒಳ್ಳೆಯದೇ ಮಾಡಿತು.

ಅಲ್ಲಿಗೆ ಹೋಗಿ ಒಂದು ವರ್ಷವಾಗಿತ್ತೇನೋ, ಒಂದು ಮಧ್ಯಾಹ್ನ ಅಂಕಲ್ ಫೋನ್ ಮಾಡಿದರು. ನೀರು ನೋಡಿಕೊಳ್ಳುತ್ತಿದ್ದವರು ತೀರಿಕೊಂಡರಂತೆ, ಶ್ವಾಸಕೋಶದ ಕ್ಯಾನ್ಸರ್. ಹೆಂಡತಿ ಕಾರ್ಖಾನೆಯ ಓನರ್ ಮೇಲೆ ಕೇಸು ಹಾಕಿದ್ದಾರಂತೆ.

"ಲಾಯರ್ ನಿಂಗೂ ಕಾಲ್ ಮಾಡ್ತಾರೆ. ಜಾಸ್ತಿ ಮಾತಾಡ್ಬೇಡ. ಗ್ರೀನ್ ಕಾರ್ಡ್‌ಗೆ ಅಪ್ಲೈ ಮಾಡಿದೀಯಂತೆ, ಅದಕ್ಕೆ ನನ್ನ ಎಕ್ಸ್‌ಪೀರಿಯನ್ಸ್ ಲೆಟರ್ ಬೇಕಲ್ವಾ? ಕಳಿಸ್ತೀನಿ, ಯೋಚ್ನೆ ಮಾಡ್ಬೇಡ. ಆಂಟಿ ನಿನ್ನ ಕೇಳ್ತಿದ್ಲು."

ಎರಡು ದಿನದ ನಂತರ ಕೇಸು ಹಾಕಿದವರ ವಕೀಲರು ಕರೆ ಮಾಡಿದರು. ಲೈನ್ ಕಡಿಮೆ ಓಡುತ್ತಿದ್ದ ದಿನಗಳಲ್ಲಿ ಕ್ರೋಮ್ ಟ್ಯಾಂಕಿನ ಮೇಲಿನ ಹೊಗೆ ಎಳೆಯುವ ಫ್ಯಾನ್ ಆರಿಸುತ್ತಿದ್ದರೇ ಎಂದು ಕೇಳಿದರು. ಆರಿಸುತ್ತಿದ್ದರು, ಬಿಸಿ ಗಾಳಿ ಹೊರಗೆ ಹೋಗಿ ಕಟ್ಟಡ ತಣ್ಣಗಾಗುತ್ತದೆಂದು. ನಾನು ಕಂಡಿದ್ದೆ. ಮಾಸ್ಕಿನ ಫಿಲ್ಟರ್ ತರಿಸುವುದನ್ನು ನಿಲ್ಲಿಸಿದ್ದರೇ ಎಂದು ಕೇಳಿದರು. ನಿಲ್ಲಿಸಿದ್ದರು, ತರಿಸುವ ಚೀಟಿಯನ್ನು ಅಂಕಲ್ ಹರಿದದ್ದು ನನ್ನೆದುರಿಗೇ. ತೀರಿಕೊಂಡವರು ಬರಿ ಮೂಗಿನಲ್ಲಿ ಆ ಹೊಗೆಯ ಮೇಲೆ ಬಗ್ಗಿ ನಿಂತದ್ದನ್ನು ನೋಡಿದ್ದೀರಾ ಎಂದು ಕೇಳಿದರು.

"ನನಗೆ ನೆನಪಿಲ್ಲ," ಎಂದೆ. ಮೂರಕ್ಕೂ ಅದೇ ಉತ್ತರ.

ಅಂಕಲ್ ಮಾತು ಉಳಿಸಿಕೊಂಡರು. ಲೆಟರ್ ಬಂತು. ಆ ಚಳಿಗಾಲಕ್ಕೆ ಗ್ರೀನ್ ಕಾರ್ಡೂ ಬಂತು. ಅದನ್ನು ಕೈಯಲ್ಲಿ ಹಿಡಿದ ಮರುದಿನ, ಇನ್ನು ಯಾರೂ ನನಗೇನೂ ಮಾಡಲಾರರು ಎಂದು ಖಾತ್ರಿಯಾದ ಮೇಲೆ, ವಾರೆನ್‌ಗೆ, ತೀರಿಕೊಂಡವರ ಹೆಂಡತಿಗೆ ಫೋನ್ ಮಾಡಿದೆ. ನಾನು ಯಾರೆಂದು ಹೇಳಿ, ಎಲ್ಲವೂ ನೆನಪಿದೆ, ಈಗ ಹೇಳಲು ಸಿದ್ಧ ಎಂದೆ.

ಆ ಕಡೆ ಟಿವಿಯ ಸದ್ದು ಕಡಿಮೆಯಾದದ್ದು ಕೇಳಿಸಿತು.

"ಕೇಸು ಬೇಸಿಗೆಯಲ್ಲೇ ಮುಗಿಯಿತು. ಸಾಕ್ಷಿ ಇಲ್ಲ ಅಂದರು," ಎಂದರು. ಆಮೇಲೆ, "ಪರವಾಗಿಲ್ಲ ಅಂತ ನನ್ನ ಬಾಯಿಂದ ಕೇಳಬೇಕೆಂದು ಫೋನ್ ಮಾಡಿದೆಯಾ?"

ನಾನು ಹೌದು ಅಂದೆ.

"ಹೇಳಲ್ಲ," ಎಂದು ಫೋನ್ ಇಟ್ಟರು.