ಎಮ್ಮೆ ಹಾಡು ಮತ್ತು ತಳವಿಲ್ಲದ ಬುಟ್ಟಿ

ಮೊದಲೇ ಹೇಳಿಬಿಡುತ್ತೇನೆ: ಕಾಶಮ್ಮತ್ತಿಯ ಬುಟ್ಟಿಯ ತಳ ಕೊಯ್ದವನು ನಾನೇ. ಗೌತಮನಲ್ಲ, ಧೂಳಪ್ಪನಲ್ಲ, ಹೆಗ್ಗಣವಂತೂ ಅಲ್ಲವೇ ಅಲ್ಲ. ಹೆಗ್ಗಣದ ಹೆಸರು ಹೇಳಿದವನೂ ನಾನೇ. ಬರದ ಎರಡನೆಯ ವರ್ಷ ಅದು. ಹೆಗ್ಗಣಗಳೂ ಹಲಬರ್ಗಾ ಬಿಟ್ಟು ಹೊಟ್ಟೆ ಹೊರೆಯಲು ಹೋಗಿದ್ದ ಕಾಲ. ನನ್ನ ಸುಳ್ಳನ್ನು ನಿಜ ಮಾಡಲು ಊರಿನಲ್ಲಿ ಒಂದಾದರೂ ಉಳಿದಿರಬೇಡವೇ?

ಆಗ ನಮ್ಮ ಮನೆಗಳಲ್ಲಿ ಅಮೇರಿಕಾದ ಕೆಂಪು ಜೋಳದ ರೊಟ್ಟಿ. ಅದಕ್ಕೆ ಗೋಣಿಚೀಲದ ವಾಸನೆ. ಬಡಿಯುವಾಗಲೇ ಅಂಚು ಬಿರಿಯುತ್ತಿತ್ತು, ಮುರಿದರೆ ಹಪ್ಪಳದಂತೆ ಚೂರಾಗುತ್ತಿತ್ತು. ಜೊತೆಗೆ ಖಾರ, ದೇವರು ಕಣ್ಣು ಬಿಟ್ಟ ದಿನ ಶೇಂಗಾ ಹಿಂಡಿ. ಬಾವಿಯ ತಳದಲ್ಲಿ ನೀರಿಗಿಂತ ಹೆಚ್ಚು ಕೊಡಗಳು ಕಾಣುತ್ತಿದ್ದವು. ಆ ವರ್ಷ ಬೇಸಿಗೆಗೆ ಮುಂಚೆಯೇ ನನ್ನನ್ನು ಬೀದರಿನ ಚಿದ್ರಿಯಲ್ಲಿದ್ದ ಮಾಮಾನ ಮನೆಗೆ ಕಳಿಸಿದರು. ಒಂದು ಬಾಯಿ ಕಡಿಮೆಯಾದರೆ ಅಷ್ಟು ನೀರು ಉಳಿಯುತ್ತದೆ ಎನ್ನುವುದು ಅವ್ವನ ವಿಚಾರ. ಔರಾದಿಗೆ ಕೊಟ್ಟಿದ್ದ, ಗಂಡ ತೀರಿದ ಮೇಲೆ ನಮ್ಮಲ್ಲಿಗೇ ಬಂದಿದ್ದ ನನ್ನ ಸೋದರತ್ತೆ ಕಾಶಮ್ಮತ್ತಿಯದು ಬೇರೆ ವಿಚಾರ: "ಈ ಬಾಯಿ ಹೋದ್ರ ನೀರಷ್ಟೇ ಅಲ್ಲ, ಮನ್ಯಾಗ ಶಾಂತಿನೂ ಉಳೀತದ."

ಬಾಯಿಯ ದೋಷ ನನ್ನದು. ಕಂಡವರ ದನಿಯನ್ನೆಲ್ಲ ಅದು ಆಡಿ ತೋರಿಸುತ್ತಿತ್ತು. ಮಾಸ್ತರರು, ಮಠದ ಅಯ್ಯನವರು, ಬಸ್ಸಿನ ಕಂಡಕ್ಟರು, ಮರಿ ಕರೆಯುವ ಆಡು, ಯಾರನ್ನೂ ಬಿಟ್ಟವನಲ್ಲ.

ಮಾಮಾನದು ರೇಡಿಯೋ ರಿಪೇರಿಯ ಸಣ್ಣ ಅಂಗಡಿ. ಬೋರಿಂಗ್ ಹಾಕಲು ಬಂದಿದ್ದ ಪರದೇಶದ ತಂಡದಲ್ಲಿ ತಾಡಪತ್ರಿ ಕಂಬದಂಥ ಉದ್ದನೆಯ ಸಾಹೇಬನೊಬ್ಬ ತನ್ನ ರೆಕಾರ್ಡ್ ಪ್ಲೇಯರನ್ನು ರಿಪೇರಿಗೆ ಕೊಟ್ಟಿದ್ದನಂತೆ. ಬೇರೆ ಜಿಲ್ಲೆಗೆ ಹೋದವನು ತಿರುಗಿ ಬರಲಿಲ್ಲ. ಪ್ಲೇಯರಿನ ಜೊತೆ ಕೆಲವು ಹಾಡಿನ ತಟ್ಟೆಗಳು, ಒಂದು ಕಟ್ಟು ಹಳೆಯ ಬಣ್ಣದ ಪುಸ್ತಕಗಳು ಅಂಗಡಿಯಲ್ಲೇ ಉಳಿದಿದ್ದವು. ಒಳಗಿನ ರಬ್ಬರ್ ಪಟ್ಟಿ ಹರಿದಿತ್ತು. ಮಾಮಾ ಸೈಕಲ್ ಟ್ಯೂಬಿನಿಂದ ಹೊಸದೊಂದನ್ನು ಕತ್ತರಿಸಿ ಹಾಕಿದ. ಅದು ಸಡಿಲ. ತಟ್ಟೆ ತಿರುಗುತ್ತಿತ್ತು, ಆದರೆ ಊಟವಾದ ಮೇಲೆ ಓಣಿ ಸುತ್ತುವ ಹಿರಿಯರಂತೆ ತಿರುಗುತ್ತಿತ್ತು.

ನಾನು ಇಂಗ್ಲಿಷ್ ಹಾಡು ಕೇಳಿದ್ದು ಹೀಗೆ. ತಟ್ಟೆಯ ಕಾಗದದ ಹೊದಿಕೆಯ ಮೇಲೆ ಹುಬ್ಬಿನವರೆಗೆ ಕೂದಲು ಬಿಟ್ಟ ಹುಡುಗರು. "ಇವರಿಗಿ ಜವಳಾ ತೆಗ್ಸಿಲ್ಲೇನು ಮಾಮಾ?" ಎಂದು ಕೇಳಿದ್ದೆ. ಅಂಥ ತೆಳ್ಳನೆಯ ಹುಡುಗರ ಗಂಟಲಿನಿಂದ ಕೆಸರಲ್ಲಿ ಮಲಗಿದ ಎಮ್ಮೆಯ ದನಿ ಬರುತ್ತಿತ್ತು. ಅದೇ ಆ ದೇಶದ ಗಾಯನ ಎಂದು ನಂಬಿ, ದಿನವಿಡೀ ಕೂತು, ಗಂಟಲು ಇಳಿಸಿ ಇಳಿಸಿ ಕಲಿತೆ. ಅರ್ಥ ಗೊತ್ತಿರಲಿಲ್ಲ. ಎಲ್ಲ ಹಾಡುಗಳಲ್ಲೂ ಯಾರೋ 'ಬೇಬಿ'ಯನ್ನು ಕರೆಯುತ್ತಿದ್ದರು. ನಮ್ಮ ಓಣಿಯಲ್ಲೂ ಒಬ್ಬ ಬೇಬಿ ಇದ್ದಳು. ಮೂಗು ಸೋರುವ ಆ ಹುಡುಗಿಯ ಹೆಸರು ಅಷ್ಟು ದೂರ ಹೇಗೆ ಹೋಯಿತು ಎಂಬುದು ನನಗೆ ಬಹಳ ದಿನ ಬಗೆಹರಿಯಲಿಲ್ಲ.

"ಇವರು ಈಗ ಎಲ್ಲಿ ಹಾಡ್ತಾರ ಮಾಮಾ?"

"ಎಲ್ಲಿ ಹಾಡ್ತಾರಲೇ? ಜಗಳಾ ಮಾಡ್ಕೊಂಡು ಬ್ಯಾರಿ ಬ್ಯಾರಿ ಆಗ್ಯಾರಂತ."

ನಾನು ಅಭಿಮಾನಿಯಾಗುವ ಹೊತ್ತಿಗೆ ಅಣ್ಣತಮ್ಮಂದಿರ ಪಾಲು ಮುಗಿದುಹೋಗಿತ್ತು. ಪುಸ್ತಕದ ಕಥೆಯೂ ಅದೇ. ಅದರೊಳಗೆ ಬನಿಯನ್ನು, ಮೋಟು ಚಡ್ಡಿ ಹಾಕಿದ ದೈತ್ಯರು ನೆಲ ಬಿಟ್ಟು ಹಾರುತ್ತಿದ್ದರು. ಆಟವಾಡಿಯೇ ಪಗಾರ ತೆಗೆದುಕೊಳ್ಳುವವರಂತೆ. ಎಲ್ಲ ಹಳೆಯ ಕಾಲದ ಆಟಗಾರರು, ಆಟ ಬಿಟ್ಟು ಎಷ್ಟೋ ವರ್ಷವಾಗಿದೆ ಎಂದ ಮಾಮಾ. ಊರಿಗೆ ಮರಳುವಾಗ ಕಾಡಿ ಬೇಡಿ ಒಂದು ಪುಸ್ತಕ ತಂದೆ. ಹಾಡನ್ನು ಗಂಟಲಲ್ಲೇ ತಂದಿದ್ದೆ, ಕೇಳಿದ ಅತ್ತಿ ಅದಕ್ಕೆ 'ಎಮ್ಮಿ ಹಾಡು' ಎಂದು ಹೆಸರಿಟ್ಟಳು.

ಬೇವಿನ ಮರದ ಕೆಳಗೆ ಪುಸ್ತಕ ಬಿಚ್ಚಿದಾಗ ನನ್ನ ಗೆಳೆಯರಾದ ಗೌತಮ, ಧೂಳಪ್ಪ ಇಬ್ಬರ ತಲೆಯೂ ಒಳಗೇ ಹೋಯಿತು. ಗೌತಮ ನಮ್ಮಲ್ಲಿ ಎಲ್ಲರಿಗಿಂತ ಎತ್ತರ, ಮಾತು ಕಡಿಮೆ. ಧೂಳಪ್ಪ ಅದಕ್ಕೆ ಉಲ್ಟಾ.

"ಇವರು ಇಷ್ಟು ಉದ್ದ ಹ್ಯಾಂಗ ಆದರಲೇ?" ಎಂದ ಧೂಳಪ್ಪ.

"ಕೆಂಪು ಜ್ವಾಳದ ರೊಟ್ಟಿ ತಿಂದು," ಎಂದೆ. ಇಬ್ಬರೂ ನಂಬಿದರು. ಹೇಳಿದ ಮೇಲೆ ನಾನೂ ನಂಬಿದೆ. ಆ ಸಂಜೆಯಿಂದ ಒಂದು ರೊಟ್ಟಿ ಹೆಚ್ಚಿಗೆ ಕೇಳತೊಡಗಿದೆ. ಇವತ್ತಿಗೂ ಬಸ್ಸಿನ ಮೇಲಿನ ಸರಳು ನನ್ನ ಕೈಗೆ ಎಟುಕುವುದಿಲ್ಲ.

ಒಂದು ಚಿತ್ರದಲ್ಲಿ ಒಬ್ಬ ಬಗ್ಗಿ, ನೆಲದ ಹತ್ತಿರವಿದ್ದ ಚೆಂಡಿನ ಮೇಲೆ ಅಂಗೈ ಚಾಚಿದ್ದ. ಯಾಕೆ? ನಮ್ಮದು ಚಿಂದಿ ಸುತ್ತಿದ ಚೆಂಡು. ಅದು ಪುಟಿದದ್ದನ್ನು ಕಂಡವರಿಲ್ಲ. ಗೌತಮ ಬಹಳ ಹೊತ್ತು ನೋಡಿ ಹೇಳಿದ: "ಚೆಂಡಿಗಿ ಸಮಾಧಾನ ಮಾಡ್ಲಾಕತ್ಯಾನ." ಹಾಗಾಗಿ ನಮ್ಮ ಆಟದಲ್ಲಿ ಚೆಂಡು ಹಿಡಿದವನು ಮೊದಲು ಅದರ ತಲೆ ನೇವರಿಸಬೇಕು ಎಂಬ ಕಾಯಿದೆ ಬಂತು.

ಬಗೆಹರಿಯದೆ ಉಳಿದದ್ದು ಚಿತ್ರಗಳಲ್ಲಿ ಎತ್ತರದಲ್ಲಿ ತೂಗುತ್ತಿದ್ದ, ದೈತ್ಯರು ಹಾರಿ ಹಾರಿ ಚೆಂಡು ಹಾಕುತ್ತಿದ್ದ ಬುಟ್ಟಿ.

"ಇದಕ್ಕ ತಳಾನೇ ಇಲ್ಲಲೇ?" ಎಂದ ಧೂಳಪ್ಪ.

"ಹರಿದು ಹೋಗಿರಬೇಕು," ಎಂದೆ.

"ಎಲ್ಲಾ ಫೋಟೋದಾಗೂ ಹರಿದಾದೇನು? ಅಷ್ಟು ಸಾಹುಕಾರ ದೇಶ, ಒಂದು ಹೊಸಾ ಬುಟ್ಟಿ ತರಲ್ಲೇನು?"

ಅವತ್ತು ಭಾಲ್ಕಿಯ ಸಂತೆ. ಕೆರೆಯ ಹೂಳು ತೆಗೆಯುವ ಬರಗಾಲದ ಕೆಲಸಕ್ಕೆ ರಜೆ. ಅತ್ತಿ ಸಂತೆಗೆ ಹೋಗಿದ್ದಳು, ಅವಳ ಮಣ್ಣು ಹೊರುವ ಬುಟ್ಟಿ ಗೂಟಕ್ಕೆ ತೂಗುತ್ತಿತ್ತು. ಅದನ್ನು ತಂದು ಬೇವಿನ ಕೊಂಬೆಗೆ ಕಟ್ಟಿದೆವು. ಧೂಳಪ್ಪ ಎಸೆದ, ಚೆಂಡು ಒಳಗೆ ಬಿತ್ತು, ನಾವು ಕುಣಿದೆವು. ಆಮೇಲೆ ಚೆಂಡು ತೆಗೆಯಲು ಗೌತಮ ಮರ ಹತ್ತಿದ. ಮತ್ತೆ ಬಿತ್ತು, ಮತ್ತೆ ಹತ್ತಿದ. ಹಾಗೆ ಹತ್ತಿ ಇಳಿದು ಅಂಗಾಲು ತರಚಿದ ಮೇಲೆ ಕೊಂಬೆಯ ಮೇಲೇ ಕುಳಿತು ನನ್ನನ್ನು ಕೂಗಿದ:

"ಶರಣ್ಯಾ! ತಳಾ ಯಾಕಿಲ್ಲಂತ ಈಗ ತಿಳೀತು ನೋಡು!"

ಆ ಕ್ಷಣದ ಸಂತೋಷವನ್ನು ಹೇಗೆ ಹೇಳಲಿ? ಸಮುದ್ರದ ಆಚೆಯವರ ತಲೆಯೊಳಗೆ ಇಣುಕಿ ಬಂದಂತಾಗಿತ್ತು. ಆ ಖುಷಿಯಲ್ಲೇ ಮನೆಗೆ ಓಡಿ ಕುಡಗೋಲು ತಂದೆ.

ಸಂಜೆ ಅತ್ತಿ ಬುಟ್ಟಿಯನ್ನು ಎತ್ತಿ ಹಿಡಿದಾಗ ಅದರೊಳಗಿಂದ ಅವಳ ಮುಖ ಪೂರ್ತಿ ಕಾಣುತ್ತಿತ್ತು.

"ಹೆಗ್ಗಣ ಕಡ್ದಾದ ಅತ್ತಿ."

"ಹೆಗ್ಗಣಕ್ಕ ಕುಡಗೋಲು ಹಿಡೀಲಾಕ ಯಾರು ಕಲಿಸ್ಯಾರೋ ಭಾಡ್ಯಾ?"

ಅವ್ವ ಕೈ ಎತ್ತಿಕೊಂಡು ಬಂದಳು. ಅತ್ತಿ ತಡೆದಳು. ಬೈಯಲೂ ಇಲ್ಲ, ಬುಟ್ಟಿಯನ್ನು ಸುಮ್ಮನೆ ತಿರುಗಿಸುತ್ತ ಕುಳಿತಳು. ಅದನ್ನು ಕಂಡು ನನಗೆ ಮೊದಲ ಸಲ ಹೆದರಿಕೆಯಾಯಿತು. ಬುಟ್ಟಿ ಇಲ್ಲದವರಿಗೆ ಕೆರೆಯಲ್ಲಿ ಕೆಲಸವಿಲ್ಲ. ಹೊಸದು ತರೋಣವೆಂದರೆ ಬುಟ್ಟಿ ಹೆಣೆಯುವ ಮೇದಾರರು ಊರು ಬಿಟ್ಟು ಹೈದರಾಬಾದಿನ ಹಾದಿ ಹಿಡಿದಿದ್ದರು. ಕೂಲಿಗೆ ಹೋಗುವವರನ್ನು ಪುಣೆಗೆ ಒಯ್ಯುವ ಲಾರಿ ಗುರುವಾರ ಬರುವುದಿತ್ತು. ಗೌತಮನ ಮನೆಯವರು ಆಗಲೇ ಗಂಟು ಕಟ್ಟಿದ್ದರು.

"ಕೆರಿ ಕೆಲಸ ತಪ್ಪಿದ್ರ ನಾನೂ ಲಾರಿ ಹತ್ತಾಕಿನೇ," ಎಂದಳು ಅತ್ತಿ ಅವ್ವನಿಗೆ. "ಕೂತು ತಿನ್ನೋ ವರ್ಷ ಅಲ್ಲ ಇದು."

ನನ್ನ ಆಡಿನ ದನಿಗೆ ಮರುದನಿ ಕೊಡುತ್ತಿದ್ದವಳು ಊರಲ್ಲಿ ಅವಳೊಬ್ಬಳೇ. ಅವಳು ಹೋದರೆ ನಾನು ಯಾರಿಗೆ ಆಡಿ ತೋರಿಸಲಿ?

ಅತ್ತಿ ಬುಟ್ಟಿ ಕೆಳಗಿಟ್ಟು ಕೇಳಿದಳು: "ಆ ನಿನ್ನ ಚಡ್ಡಿ ಮಂದಿ ಪುಸ್ತಕ ಎಲ್ಲದ?"

ತಂದುಕೊಟ್ಟೆ. ಹಾಳೆಯನ್ನು ಬೆರಳಲ್ಲಿ ತಿಕ್ಕಿ, "ಕಾಗದ ಬಾಳ ಗಟ್ಟಿ ಅದ," ಎಂದಳು. ಹೊರಗೆ ಗೋಣಿತಟ್ಟು, ಒಳಗೆ ನನ್ನ ಪುಸ್ತಕವನ್ನು ಹಾಗೇ ಬಿಚ್ಚಿ ಹಾಸಿ, ದಬ್ಬಣದಿಂದ ಸುತ್ತಲೂ ಹೊಲಿದಳು. ದಬ್ಬಣ ನನ್ನ ದೈತ್ಯರ ಮೊಣಕಾಲಿನಲ್ಲಿ, ಭುಜದಲ್ಲಿ ಹಾಯ್ದು ಹೋಗುತ್ತಿತ್ತು. ನಾನೇ ಗೋಣಿತಟ್ಟಿನ ಅಂಚು ಹಿಡಿದುಕೊಟ್ಟೆ. ಬೇರೆ ಏನು ಮಾಡುವ ಮುಖವಿತ್ತು?

ಮರುದಿನ ನನ್ನನ್ನೂ ಎಳೆದುಕೊಂಡು ಹೋದಳು. ಕೆರೆಯ ಮೇಸ್ತ್ರಿ ಎಲ್ಲರ ಬುಟ್ಟಿ ತಪಾಸು ಮಾಡುವವನು. ನಮ್ಮದರೊಳಗೆ ನೋಡಿ ನಿಂತುಬಿಟ್ಟ.

"ಯಾರವ್ವಾ ಕಾಶಮ್ಮಾ ಇವರೆಲ್ಲ?"

"ನಮ್ಮ ಅಳಿಯನ ದೋಸ್ತರ್ರಿ. ಅಮೇರಿಕಾದಾಗ ಇರ್ತಾರ."

"ಹಿಂಗ್ಯಾಕ ಬರೀ ಚಡ್ಡಿ ಮ್ಯಾಲ ಅದಾರ?"

"ಅಲ್ಲೂ ಬರ ಬಿದ್ದಿರಬೇಕ್ರಿ ಸಾಹೇಬರ."

ಸಾಲಿನಲ್ಲಿದ್ದ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಮೇಸ್ತ್ರಿ ನಗಲಿಲ್ಲ. ಮಣ್ಣು ತುಂಬಿಸಿ, ಎತ್ತಿ ಅಲ್ಲಾಡಿಸಿ, "ಹೊತ್ತು ಮುಣಗೂ ತನಕ ತಡದ್ರ ನಾಳಿ ಬಾ. ಹರಿದ್ರ ಬರಬ್ಯಾಡ," ಎಂದ.

ಕೆರೆಯ ತಳದಿಂದ ಒಡ್ಡಿನ ಮೇಲಿನವರೆಗೆ ಹೆಂಗಸರ ಸಾಲು. ಬುಟ್ಟಿ ಕೈಯಿಂದ ಕೈಗೆ ಹಾರುತ್ತ ಹೋಗುವುದು. ಅವರು ಮುಖ ನೋಡುತ್ತಿರಲಿಲ್ಲ, ಬುಟ್ಟಿಯನ್ನೂ ನೋಡುತ್ತಿರಲಿಲ್ಲ. ಕೈ ಚಾಚಿದರೆ ಅಲ್ಲಿ ಬುಟ್ಟಿ ಇರುತ್ತಿತ್ತು. ಪುಸ್ತಕದಲ್ಲಿ ಒಬ್ಬ ಒಂದು ಕಡೆ ನೋಡುತ್ತ ಚೆಂಡನ್ನು ಇನ್ನೊಂದು ಕಡೆ ಕೊಡುತ್ತಿದ್ದ ಚಿತ್ರದ ಗುಟ್ಟು ನನಗೆ ಗೊತ್ತಾದದ್ದು ಆ ಸಾಲಿನಲ್ಲಿ ನಿಂತಾಗ. ಆದರೆ ಅದೇ ಅಪಾಯ. ಅವರು ಎಸೆಯುವ ರಭಸಕ್ಕೆ ಕಾಗದದ ತಳ ಎಷ್ಟು ಹೊತ್ತು ತಡೆದೀತು? ಒಂದು ಹೊಲಿಗೆ ಬಿಚ್ಚಿದ್ದನ್ನು ಅತ್ತಿ ನೋಡಿದಳು. ನನ್ನನ್ನೂ ನೋಡಿದಳು.

"ಶರಣ್ಯಾ, ಆ ಎಮ್ಮಿ ಹಾಡು ಹೇಳು."

"ಇಲ್ಲೇನು?"

"ಇಲ್ಲೇ. ಆಡು ಹಾಲು ಬಿಡಬೇಕು, ಹಂಗ ಸಾವಕಾಶ ಹೇಳು."

ಗಂಟಲು ಇಳಿಸಿ ಎತ್ತಿದೆ. 'ಬೇಬೀ' ಎಂದು ಎಳೆದರೆ ಬುಟ್ಟಿ ಒಂದು ಕೈ ದಾಟುತ್ತಿತ್ತು. ಮೊದಲು ಎಲ್ಲರೂ ಬಿದ್ದು ಬಿದ್ದು ನಕ್ಕರು, ಆಮೇಲೆ ಅವರ ಕೈಗಳು ತಮಗೆ ತಿಳಿಯದಂತೆ ಹಾಡಿಗೆ ಕೂಡಿದವು. ಸಾಲು ನಿಧಾನವಾಯಿತು. ಎಸೆಯುತ್ತಿದ್ದ ಬುಟ್ಟಿಯನ್ನು ಕೂಸಿನಂತೆ ಕೊಡತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಆ ಸಾಲಿನ ಮುದುಕಿಯರೂ ಬೇಬಿಯನ್ನು ಕರೆಯುತ್ತಿದ್ದರು. ಕೆಲಸ ಸಾವಕಾಶವಾಗಿದ್ದು ಮೇಸ್ತ್ರಿಗೆ ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ತಾಳ ಹಾಕುತ್ತಿದ್ದನೋ! ಹೊತ್ತು ಮುಳುಗುವಾಗ ಬಂದು ಬುಟ್ಟಿ ತಿರುಗಿಸಿ ನೋಡಿ, "ನಾಳಿ ಬಾರವ್ವಾ," ಎಂದ. ಮರುದಿನದಿಂದ ನನ್ನ ಗಂಟಲು ಮೂರು ದಿನ ಬಿದ್ದಿತ್ತು. ಮನೆಯವರ ಶಾಂತಿಗೆ ಅದೂ ಕೂಡಿಬಂತು.

ಅತ್ತಿ ಉಳಿದಳು. ಗುರುವಾರ ಗೌತಮ ಲಾರಿ ಹತ್ತಿದ. ಹತ್ತುವ ಮೊದಲು ಚಿಂದಿ ಚೆಂಡಿನ ತಲೆ ನೇವರಿಸಿ ನನ್ನ ಕೈಗೆ ಕೊಟ್ಟ. ಮಳೆ ಬಂದ ಮೇಲೂ ಅವರು ತಿರುಗಿ ಬರಲಿಲ್ಲ.

ಈಗ ಭಾಲ್ಕಿಯಲ್ಲಿ ಸಿಮೆಂಟಿನ ಅಂಗಳ, ಕಬ್ಬಿಣದ ಬಳೆ, ನೈಲಾನ್ ಬಲೆ ಎಲ್ಲ ಇದೆ. ಅದಕ್ಕೆ ತಳ ಯಾಕಿಲ್ಲ ಎಂದು ಕೇಳುವ ಹುಡುಗನನ್ನು ಮಾತ್ರ ನಾನು ಕಂಡಿಲ್ಲ. ಕೇಳುವುದರೊಳಗೆ ಫೋನು ಹೇಳಿಬಿಡುತ್ತದೆ. ಅದೇ ಫೋನಿನಲ್ಲಿ ಆ ಹಾಡುಗಳನ್ನೂ ಹುಡುಕಿದೆ. ಸರಿಯಾದ ವೇಗದಲ್ಲಿ ಆ ಹುಡುಗರು ಬಸ್ಸು ತಪ್ಪಿಸಿಕೊಂಡವರಂತೆ ಓಡೋಡಿ ಹಾಡುತ್ತಿದ್ದರು. ಯಾರೋ ನನ್ನ ಹಾಡನ್ನು ಕೆಡಿಸಿದ್ದಾರೆ ಅನಿಸಿತು. ಅದನ್ನು ನಿಜವಾದ ವೇಗದಲ್ಲಿ ಕೇಳಿದವರು ಆ ಕೆರೆಯ ಸಾಲಿನವರು ಮಾತ್ರ. ಆ ಸಾಲಿನಲ್ಲಿ ಈಗ ಯಾರೂ ಇಲ್ಲ, ಅತ್ತಿಯೂ ಇಲ್ಲ.

ಹಾಡು ಹೇಳಿದ ಆ ಸಂಜೆ ಕೆರೆಯಿಂದ ಬರುವಾಗ ಬುಟ್ಟಿ ನನ್ನ ತಲೆಯ ಮೇಲಿತ್ತು. ಇಳಿಸಿ ನೋಡಿದೆ. ದೈತ್ಯರ ಮುಖದ ತುಂಬ ಕೆಸರು. ನನ್ನ ಮೆಚ್ಚಿನವನ ಮೂಗೇ ಹೋಗಿತ್ತು. ತಪ್ಪು ನನ್ನದೇ ಆದರೂ ಅಳು ತಡೆಯಲಿಲ್ಲ.

"ಅತ್ತಿ, ಅವರು ಬಾಳ ದೊಡ್ಡ ಮಂದಿ. ಅಂಥವರನ್ನು ತಳಕ್ಕ ಹಾಕಿ ಮ್ಯಾಲ ಮಣ್ಣು ಸುರೀಬಾರದಿತ್ತು."

ಅತ್ತಿ ನಡಿಗೆ ನಿಲ್ಲಿಸಲೂ ಇಲ್ಲ.

"ದೊಡ್ಡವರು ಅಂತನೇ ತಳಕ್ಕ ಹಾಕೀನಿ. ನಿನ್ನಂಥವರನ್ನ ಹಾಕಿದ್ರ ಭಾರ ತಡೀತಿದ್ದರೇನು?"