ಐಸಮ್ಮನ ಅಂಬರ್ ಅತ್ತರು

ಕಾಪುವಿನ ಐಸಮ್ಮ ತಮ್ಮ ಸಾವಿನ ಮಾತನ್ನು ಮದುವೆ ಜವಳಿಯ ಮಾತಿನಷ್ಟೇ ಸಡಗರದಿಂದ ಆಡುತ್ತಿದ್ದರು. ಅವರ ಅಣ್ಣ ಹಜ್ಜಿನಿಂದ ತಂದುಕೊಟ್ಟ, ಹೆಣಕ್ಕೆ ಹೊದಿಸುವ ಕಫನ್ನಿನ ಬಿಳಿ ಬಟ್ಟೆ ಬೀಗವಿಲ್ಲದ ಟ್ರಂಕಿನಲ್ಲಿತ್ತು. ಅದರ ಮಡಿಕೆಯೊಳಗೆ, ಕೊನೆಯ ದಿನ ಮೈಗೆ ಹಚ್ಚಲೆಂದು, ಹೆಬ್ಬೆರಳುದ್ದದ ಅಂಬರ್ ಅತ್ತರಿನ ಬಾಟಲಿ. ಬಟ್ಟೆಯನ್ನು ಬಿಸಿಲಿಗೆ ಹಾಕಿದ ದಿನ, "ನನ್ನ ಹೊಸ ಸೀರೆ ಹೇಗುಂಟು ವಾಸು?" ಎಂದು ನನ್ನನ್ನು ಕೇಳಿ ನಗುತ್ತಿದ್ದರು.

ಎಪ್ಪತ್ತರ ದಶಕದ ಕೊನೆ. ನಾನು ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಬೆಳಿಗ್ಗೆ ಐಸಮ್ಮನ ಜಗಲಿಯಲ್ಲಿ ಸೈಕಲ್ ಇಟ್ಟು, ಎದುರೇ ಬಸ್ ಹಿಡಿಯುತ್ತಿದ್ದೆ. ಒಮ್ಮೆ ಅವರೇ ಬಾಟಲಿಯ ಗಾಜಿನ ಕಡ್ಡಿಯನ್ನು ನನ್ನ ಮಣಿಕಟ್ಟಿಗೆ ಮುಟ್ಟಿಸಿದರು. ಮೂಗಿಗೆ ಹಿಡಿಯಹೋದೆ.

"ಈಗ ಮೂಸಬೇಡ ಮಾರಾಯ, ಈಗ ಬರೀ ಮದ್ದಿನ ಹಾಗೆ. ಉಡುಪಿ ಬರಲಿ."

ಕಟಪಾಡಿ ದಾಟುವಾಗ ಲವಂಗ, ಚಕ್ಕೆಯ ಘಾಟು. ಉಡುಪಿಯಲ್ಲಿ ಅದು ಇಳಿದು, ಧೂಪದ ಕೆಂಡದ ಪಕ್ಕ ಬೆಲ್ಲ ಕರಗಿದಂತೆ ಬೆಚ್ಚಗಾಯಿತು. ಮಣಿಪಾಲದ ಏರಿನಲ್ಲಿ ನನ್ನ ಚರ್ಮವೇ ಯಾವುದೋ ದೂರದೂರಿನದೆನಿಸಿತು. ಮುದ್ರಣಾಲಯದಲ್ಲಿ ಬೈಂಡಿಂಗಿನ ಸುಮತಿ ತಲೆಯೆತ್ತಿ ನೋಡಿದಳು. ಅದುವರೆಗೆ ನೋಡಿದವಳಲ್ಲ.

ಆಮೇಲೆ ನಾನು ಅವರನ್ನು ಕೇಳದೆಯೇ ತೆಗೆದುಕೊಂಡೆ. ಐಸಮ್ಮ ಬಾವಿಕಟ್ಟೆಗೆ ಹೋದಾಗ ಟ್ರಂಕ್ ತೆರೆಯುತ್ತಿದ್ದೆ. ದಿನಕ್ಕೊಂದು ಹನಿ. ತಳ ಕಂಡಾಗ ತೆಂಗಿನೆಣ್ಣೆ ತುಂಬಿಸಿಟ್ಟೆ. ಇದನ್ನು ಯಾರಿಗೂ ಹೇಳಿಲ್ಲ; ನನ್ನ ಹೆಂಡತಿಯಾಗಿ ಬಂದ ಸುಮತಿಗೂ.

ಕೆಲವು ವರ್ಷ ಕಳೆದು ಐಸಮ್ಮ ಹಾಸಿಗೆ ಹಿಡಿದರು. ನೋಡಲು ಹೋದಾಗ ಬಾಟಲಿ ಅವರ ಕೈಯಲ್ಲಿತ್ತು.

"ವಾಸು, ಇದರಲ್ಲಿ ಎಂತದೂ ಪರಿಮಳ ಇಲ್ಲ ಅಲ್ವಾ? ನೀನು ನೋಡು."

ನೋಡಿದೆ. ಕಮಟಿದ ಎಣ್ಣೆ.

"ಒಳ್ಳೆ ಪರಿಮಳ ಉಂಟು ಉಮ್ಮ."

"ಹಾಗಾದರೆ ನನ್ನ ಮೂಗು ನನಗಿಂತ ಮೊದಲೇ ಹೊರಟಿತು!" ಅವರು ನಕ್ಕರು. "ಇರಲಿ. ಸತ್ತವಳಿಗೆ ಮೂಗೆಂತಕ್ಕೆ? ಹೊರುವವರಿಗೆ ಬಂದರೆ ಸಾಕು."

ಬಾಟಲಿಯನ್ನು ತಲೆದಿಂಬಿನಡಿ ಇಟ್ಟುಕೊಂಡರು. ಅದಾದ ಮೇಲೂ ಹನ್ನೊಂದು ದಿನ ಬದುಕಿದ್ದರು. ಉಡುಪಿಯಲ್ಲಿ ನಾನು ದಿನಾ ಬಸ್ ಬದಲಿಸುವಲ್ಲೇ ಅತ್ತರಿನ ಅಂಗಡಿಯಿತ್ತು. ಆದರೆ ಹೊಸ ಬಾಟಲಿ ಕೊಡಬೇಕಾದರೆ ನಿಜ ಹೇಳಬೇಕಿತ್ತು. ಆ ಹನ್ನೊಂದು ದಿನವೂ ಬಸ್ಸಿನಲ್ಲಿ ಆ ಅಂಗಡಿ ಕಾಣುವ ಕಿಟಕಿಯ ಬದಿಗೆ ಕೂರಲಿಲ್ಲ.

ಮಸೀದಿಗೆ ಹೊತ್ತೊಯ್ಯುವಾಗ ನಾನು ರಸ್ತೆಯಂಚಿನಲ್ಲಿ ನಿಂತಿದ್ದೆ. ಅವರ ಮುದಿ ಅಣ್ಣ ನನ್ನ ತೋಳು ಹಿಡಿದರು.

"ಬಾ ವಾಸು, ನೀನೂ ಹೆಗಲು ಕೊಡು. ನಿನ್ನನ್ನು ಮಗ ಎನ್ನುತ್ತಿದ್ದಳು."

ಕೊಟ್ಟೆ. ಮಸೀದಿಯ ಬಾಗಿಲವರೆಗೂ ನನ್ನ ಮೂಗಿಗೆ ತೆಂಗಿನೆಣ್ಣೆ ಬರುತ್ತಿತ್ತು.